ಬೋರ್ಡ್ ಬಿಸಾಕೋ ಮುಂಚೆ ಚಿಪ್ ಓದೋದು ಕಲಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಶಿವಮೊಗ್ಗದಲ್ಲಿ ಟಿವಿ, ಲ್ಯಾಪ್‌ಟಾಪ್, ವಾಷಿಂಗ್ ಮಶೀನ್ ಬೋರ್ಡ್‌ಗಳ ರಿಪೇರಿ ಮಾಡ್ಕೊಂಡು ಬಂದಿರೋನು ನಾನು. ಮಳೆಗಾಲ ಶುರುವಾಯ್ತು ಅಂದ್ರೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ ಕೆಟ್ಟ ಬೋರ್ಡ್‌ಗಳು ಬರ್ತಾನೇ ಇರ್ತವೆ. ಸಿಡಿಲಿಗೆ ಸುಟ್ಟಿದ್ದು ಒಂದಿಷ್ಟು ಇರತ್ತೆ, ನಿಜ. ಆದ್ರೆ ಎಷ್ಟೋ ಬೋರ್ಡಲ್ಲಿ ಒಂದು ಪಾರ್ಟೂ ಸುಟ್ಟಿರಲ್ಲ, ಟಿವಿ ಲೋಗೋ ತೋರಿಸಿ ಅಲ್ಲೇ ನಿಂತುಬಿಟ್ಟಿರತ್ತೆ, ಲ್ಯಾಪ್‌ಟಾಪಲ್ಲಿ ಫ್ಯಾನ್ ತಿರುಗತ್ತೆ ಸ್ಕ್ರೀನ್ ಮಾತ್ರ ಕಪ್ಪು, ನೋಡಿದ್ರೆ 8 ಕಾಲಿನ ಒಂದು ಸಣ್ಣ ಮೆಮೊರಿ ಐಸಿ (ಚಿಪ್) ಒಳಗಿರೋ ಡೇಟಾ ಕೆಟ್ಟಿರತ್ತೆ ಅಷ್ಟೇ. ಅದನ್ನ ಪ್ರೋಗ್ರಾಮರ್ ಅನ್ನೋ, ಚಿಪ್ ಒಳಗಿನ ಡೇಟಾ ಓದಿ ಬರೆಯೋ ಮಶೀನಿಗೆ ಹಾಕಿ ತಿರುಗಾ ಬರೆದ್ರೆ ಬೋರ್ಡ್ ಎದ್ದು ಕೂರತ್ತೆ. ಆದ್ರೆ ಗಿರಾಕಿಗಳಿಗೆ ಆಗಲೇ ಯಾರೋ "ಬೋರ್ಡೇ ಹೋಗಿದೆ, ಹೊಸದು ಹಾಕ್ಸಿ" ಅಂದಿರ್ತಾರೆ. ಅದಕ್ಕಿಂತ ಬೇಜಾರಾಗೋದು ಇನ್ನೊಂದು ಥರದ್ದು, ಯಾರೋ ಪ್ರೋಗ್ರಾಮರ್ ಹಾಕಿ ಏನೋ ಬರೆಯಕ್ಕೆ ಹೋಗಿ ಇದ್ದ ಡೇಟಾನೂ ಅಳಿಸಿ ಕಳಿಸಿರೋ ಬೋರ್ಡ್‌ಗಳು.

ಈಗ ಆ ಮಶೀನು ಎಲ್ಲಾ ಅಂಗಡಿಗೂ ಬಂದಿದೆ. ಸಿಎಚ್341ಎ ಅನ್ನೋ ಯುಎಸ್‌ಬಿ ಪ್ರೋಗ್ರಾಮರ್ ಕೆಲವೇ ನೂರು ರೂಪಾಯಿಗೆ ಆನ್‌ಲೈನಲ್ಲಿ ಸಿಗತ್ತೆ, ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದ್ರೂ ಸಿಗತ್ತೆ. ಆದ್ರೆ ಅದನ್ನ ನಡೆಸೋದು ಹೆಂಗೆ, ನೋಡ್ಕೊಳ್ಳೋದು ಹೆಂಗೆ ಅಂತ ಕೂರಿಸಿಕೊಂಡು ಹೇಳಿಕೊಡೋ ಜಾಗ ನಮ್ಮೂರಲ್ಲಿ ನಾನಂತೂ ಕಂಡಿಲ್ಲ. ಹುಡುಗರು ವಿಡಿಯೋ ನೋಡಿ ಕಲೀತಾರೆ, ವಿಡಿಯೋದಲ್ಲಿ ಬಟನ್ ಯಾವುದು ಒತ್ತಬೇಕು ಅಂತ ಇರತ್ತೆ, ಯಾಕೆ ಅಂತ ಇರಲ್ಲ. ಅದಕ್ಕೇ ಈ ಪತ್ರ.

ಮೊದಲು ವೋಲ್ಟೇಜ್ ವಿಷಯ. ಆ ಕಪ್ಪು ಬಣ್ಣದ ಸಿಎಚ್341ಎ ಬೋರ್ಡ್‌ಗಳಲ್ಲಿ ತುಂಬಾದರಲ್ಲಿ ಒಂದು ದೊಡ್ಡ ದೋಷ ಇದೆ. ಚಿಪ್ಪಿಗೆ ಹೋಗೋ ಸಪ್ಲೈ 3.3 ವೋಲ್ಟೇ ಇರತ್ತೆ, ಆದ್ರೆ ಡೇಟಾ ಲೈನ್‌ಗಳು 5 ವೋಲ್ಟಲ್ಲಿ ಕೆಲಸ ಮಾಡ್ತವೆ. 25 ಸೀರೀಸಿನ 3 ವೋಲ್ಟ್ ಫ್ಲ್ಯಾಶ್ ಐಸಿಗಳಿಗೆ, ಅಂದ್ರೆ ಮೇಲೆ ಹೇಳಿದ ಥರದ ಮೆಮೊರಿ ಐಸಿಗಳಿಗೆ, ಸಪ್ಲೈ 2.7ರಿಂದ 3.6 ವೋಲ್ಟ್ ಒಳಗಿರಬೇಕು, ಡೇಟಾ ಕಾಲಿಗೂ ಸಪ್ಲೈಗಿಂತ ಅರ್ಧ ವೋಲ್ಟ್ ಕೂಡ ಜಾಸ್ತಿ ಹೋಗಬಾರದು. ಸುಮಾರು ಐಸಿಗಳು ತಡ್ಕೊಳ್ತವೆ, ಅದಕ್ಕೇ "ನಂದು ಸರಿಯಾಗೇ ಓಡ್ತಿದೆಯಲ್ಲ" ಅಂತಾರೆ, ಆದ್ರೆ ಐಸಿ ಬಿಚ್ಚದೆ ಅದರ ಕಾಲುಗಳಿಗೆ ಕ್ಲಿಪ್ ಹಾಕಿ ಬೋರ್ಡ್ ಮೇಲೇ ಓದುವಾಗ ಆ 5 ವೋಲ್ಟು ಅದೇ ಲೈನಿಗೆ ಸೇರ್ಕೊಂಡಿರೋ ಚಿಪ್‌ಸೆಟ್ಟಿಗೂ ಹೋಗತ್ತೆ ಅನ್ನೋದು ತಲೆಗೆ ಬರಲ್ಲ. ಮಲ್ಟಿಮೀಟರ್ ಹಿಡಿದು ಒಂದು ನಿಮಿಷ ಚೆಕ್ ಮಾಡಿದ್ರೆ ಗೊತ್ತಾಗತ್ತೆ. 5 ವೋಲ್ಟ್ ಬರ್ತಿದ್ರೆ ಪ್ರೋಗ್ರಾಮರ್ ಒಳಗಿನ ಐಸಿನೂ 3.3ರಲ್ಲೇ ಓಡೋ ಹಾಗೆ ವೈರಿಂಗ್ ಬದಲಾಯಿಸ್ಕೋಬೇಕು, ಇಲ್ಲ ವೋಲ್ಟೇಜ್ ಸೆಲೆಕ್ಟ್ ಇರೋ ಬೋರ್ಡ್ ತಗೋಬೇಕು.

ಇನ್ನು 1.8 ವೋಲ್ಟ್ ಐಸಿಗಳು. ವಿನ್‌ಬಾಂಡ್ 25ಕ್ಯೂ64ಎಫ್‌ವಿ ಅಂದ್ರೆ 3 ವೋಲ್ಟಿಂದು, 25ಕ್ಯೂ64ಎಫ್‌ಡಬ್ಲ್ಯೂ ಅಂದ್ರೆ 1.8 ವೋಲ್ಟಿಂದು. ಒಂದೇ ಅಕ್ಷರ ವ್ಯತ್ಯಾಸ. ಮ್ಯಾಕ್ರೋನಿಕ್ಸಲ್ಲೂ ಹಂಗೇ, ಎಂಎಕ್ಸ್25ಎಲ್ ಮತ್ತೆ ಎಂಎಕ್ಸ್25ಯು. ಲೆನ್ಸ್ ಹಿಡಿದು ನಂಬರ್ ಓದದೆ ಸಾಕೆಟ್ಟಿಗೆ ಹಾಕಿದ್ರೆ ಐಸಿ ಸಾಯಬಹುದು, ಅದರ ಜೊತೆ ಗಿರಾಕಿ ಡೇಟಾನೂ. 1.8 ವೋಲ್ಟ್ ಅಡಾಪ್ಟರ್ ಬೇರೆ ಬರತ್ತೆ, ಅದಿಲ್ಲದೆ ಅದನ್ನ ಮುಟ್ಟಲೇಬಾರದು.

ಕೆಲಸದ ಕ್ರಮ ಅಂತ ಒಂದಿದೆ, ಅದನ್ನ ಯಾವ ಅರ್ಜೆಂಟಲ್ಲೂ ತಪ್ಪಿಸಬಾರದು. ಮೊದಲು ಓದಬೇಕು, ಓದಿದ್ದನ್ನ ಸೇವ್ ಮಾಡಬೇಕು, ಕ್ಲಿಪ್ ತೆಗೆದು ತಿರುಗಾ ಹಾಕಿ ಇನ್ನೊಂದು ಸಲ ಓದಿ ಎರಡೂ ಫೈಲಿನ ಚೆಕ್‌ಸಮ್ (ಫೈಲಿನ ಡೇಟಾದಿಂದ ಲೆಕ್ಕ ಹಾಕಿ ಬರೋ ನಂಬರ್) ಒಂದೇ ಇದೆಯಾ ನೋಡಬೇಕು. ಬೇರೆ ಬೇರೆ ಬಂದ್ರೆ ಕ್ಲಿಪ್ ಸರಿ ಕೂತಿಲ್ಲ ಅಂತ. ಪೂರ್ತಿ ಎಫ್‌ಎಫ್ (ಖಾಲಿ ಐಸಿ ಓದಿದಾಗ ಕಾಣೋ ಅಕ್ಷರ) ಅಥವಾ ಪೂರ್ತಿ ಸೊನ್ನೆ ಬಂದ್ರೂ ಐಸಿ ಖಾಲಿ ಅಂತ ತೀರ್ಮಾನ ಮಾಡಬಾರದು, ಕಾಂಟ್ಯಾಕ್ಟ್ ಇಲ್ಲದೇ ಇರೋ ಸಾಧ್ಯತೆನೇ ಜಾಸ್ತಿ. 64 ಮೆಗಾಬಿಟ್ ಐಸಿ ಆದ್ರೆ ಫೈಲ್ ಸೈಜ್ ಸರಿಯಾಗಿ 83,88,608 ಬೈಟ್ ಇರಬೇಕು, ಒಂದು ಬೈಟ್ ಹೆಚ್ಚು ಕಡಿಮೆ ಇದ್ರೂ ಬರೆಯಕ್ಕೆ ಹೋಗಬೇಡಿ. ಇಷ್ಟಾದ ಮೇಲೆ ಎರೇಸ್ (ಅಳಿಸೋದು), ಆಮೇಲೆ ಬ್ಲ್ಯಾಂಕ್ ಚೆಕ್ (ಪೂರ್ತಿ ಖಾಲಿ ಆಯ್ತಾ ನೋಡೋದು), ಆಮೇಲೆ ರೈಟ್ (ಬರೆಯೋದು), ಕೊನೆಗೆ ವೆರಿಫೈ (ಬರೆದಿದ್ದು ಸರಿ ಇದೆಯಾ ಹೋಲಿಸಿ ನೋಡೋದು). ಈ ಫ್ಲ್ಯಾಶ್ ಐಸಿಗೆ ಬರೆಯೋದು ಅಂದ್ರೆ 1 ಇದ್ದಲ್ಲಿ 0 ಮಾಡೋದಷ್ಟೇ, 0 ಇದ್ದಿದ್ದು ತಿರುಗಾ 1 ಆಗಬೇಕು ಅಂದ್ರೆ ಎರೇಸ್ ಬಿಟ್ಟು ಬೇರೆ ದಾರಿ ಇಲ್ಲ. ಇದು ಗೊತ್ತಿದ್ರೆ ಎರೇಸ್ ಮಾಡದೆ ಬರೆದು "ವೆರಿಫೈ ಎರರ್ ಬರ್ತಿದೆ, ಐಸಿ ಡೂಪ್ಲಿಕೇಟು" ಅನ್ನೋದು ತಪ್ಪತ್ತೆ.

ಬ್ಯಾಕಪ್ ವಿಷಯಕ್ಕೆ ನಾನು ಯಾಕೆ ಇಷ್ಟು ಒತ್ತು ಕೊಡ್ತೀನಿ ಅಂದ್ರೆ, ಲ್ಯಾಪ್‌ಟಾಪಿನ ಬಯೋಸ್ ಚಿಪ್ಪಲ್ಲಿ ಬರೀ ಬಯೋಸ್ (ಆನ್ ಮಾಡಿದಾಗ ಮೊದಲು ಓಡೋ ಪ್ರೋಗ್ರಾಂ) ಇರಲ್ಲ. ಆ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ಕಂಪನಿಯಿಂದಲೇ ವಿಂಡೋಸ್ 8 ಅಥವಾ ಅದಾದ ಮೇಲಿಂದು ಹಾಕ್ಕೊಂಡು ಬಂದಿದ್ರೆ ಅದರ ಕೀ, ಕೆಲವದರಲ್ಲಿ ಲ್ಯಾನ್ ಮ್ಯಾಕ್ ಅಡ್ರೆಸ್ (ನೆಟ್‌ವರ್ಕಲ್ಲಿ ಅದನ್ನ ಗುರುತಿಸೋ ನಂಬರ್) ಕೂಡ ಅಲ್ಲೇ ಇರತ್ತೆ. ನೆಟ್ಟಲ್ಲಿ ಸಿಕ್ಕಿದ ಯಾವುದೋ ಡಂಪ್ ಫೈಲ್ (ಬೇರೆ ಚಿಪ್ಪಿಂದ ಓದಿಟ್ಟ ಡೇಟಾ) ತಂದು ಸುರಿದ್ರೆ ಲ್ಯಾಪ್‌ಟಾಪ್ ಆನ್ ಆಗಬಹುದು, ಆದ್ರೆ ಗಿರಾಕಿ ದುಡ್ಡು ಕೊಟ್ಟು ತಗೊಂಡಿದ್ದು ಹೋಯ್ತಲ್ಲ. ಕಾಲೇಜಿಗೆ ಹೋಗೋ ಮಗಳಿಗೆ ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸಿರೋ ಅಪ್ಪಂದಿರು ನಮ್ಮ ಅಂಗಡಿಗೆ ಬರ್ತಾರೆ, ಅವರಿಗೆ ಇದೆಲ್ಲ ಗೊತ್ತಾಗಲ್ಲ, ಗೊತ್ತಾಗಲ್ಲ ಅಂತಲೇ ನಾವು ಹೆಚ್ಚು ಜವಾಬ್ದಾರಿಯಿಂದ ಇರಬೇಕು.

ಇನ್ನು ಮಶೀನ್ ನೋಡ್ಕೊಳ್ಳೋದು. ಇದು ಮಲೆನಾಡಿನವರಿಗೆ ಬೇರೆಯವರಿಗಿಂತ ಜಾಸ್ತಿ ಬೇಕು. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ, ಶಿವಮೊಗ್ಗದಲ್ಲಿ ಅಷ್ಟಿಲ್ಲದಿದ್ರೂ ಆರಿದ್ರಾ, ಪುನರ್ವಸು, ಪುಷ್ಯ ಮಳೆ ಹಿಡಿದಾಗ ಅಂಗಡಿ ಗೋಡೆನೇ ಬೆವರತ್ತೆ, ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲಾ ಬೂಷ್ಟು. ಪ್ರೋಗ್ರಾಮರ್ ಸಾಕೆಟ್ ಮಾತ್ರ ಹೊರತಾಗಿ ಉಳಿಯತ್ತಾ? ಲಿವರ್ ಇರೋ ಆ ಸಾಕೆಟ್ ಒಳಗಿನ ಸ್ಪ್ರಿಂಗ್ ಪಿನ್ನುಗಳ ಮೇಲೆ ತೇವ, ಧೂಳು, ಐಸಿ ಕಾಲಿನಿಂದ ಬಂದ ಫ್ಲಕ್ಸು (ಬೆಸುಗೆಗೆ ಬಳಸೋ ಅಂಟು) ಸೇರಿ ಒಂದು ಪದರ ಕೂತ್ಕೊಳತ್ತೆ, ಆಮೇಲೆ ಒಂದು ಸಲ ಓದತ್ತೆ ಒಂದು ಸಲ ಓದಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್ಷಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೇ ಕರೆಂಟ್ ಕೊಡಬೇಕು. ಉಪ್ಪುಕಾಗದ ಹಾಕಿ ತಿಕ್ಕೋರಿದ್ದಾರೆ, ದಯವಿಟ್ಟು ಬೇಡ, ಪಿನ್ನಿನ ಮೇಲಿನ ತೆಳು ಲೇಪ ಹೋದ್ರೆ ಕಿಲುಬು ಇನ್ನೂ ಬೇಗ ಹಿಡಿಯತ್ತೆ. ಬಿಚ್ಚಿದ ಐಸಿ ಕಾಲಲ್ಲಿ ಸೀಸ ಗಂಟಾಗಿದ್ರೆ ವಿಕ್ (ಕರಗಿದ ಸೀಸ ಹೀರೋ ತಾಮ್ರದ ಹೆಣಿಗೆ) ಹಾಕಿ ತೆಗೆದು ಒರೆಸಿನೇ ಸಾಕೆಟ್ಟಿಗೆ ಇಡಬೇಕು. ಸಣ್ಣ ಅಡಾಪ್ಟರ್ ಸಾಕೆಟ್‌ಗಳು ಸವೆಯೋ ಸಾಮಾನೇ, ಸ್ಪ್ರಿಂಗ್ ಸಡಿಲ ಆದ್ರೆ ಬದಲಾಯಿಸೋದು. ರಾತ್ರಿ ಅಂಗಡಿ ಮುಚ್ಚುವಾಗ ಮುಚ್ಚಳ ಬಿಗಿ ಇರೋ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ತಿರುಗಿದ್ರೆ ಬಿಸಿ ಮಾಡಿ ಒಣಗಿಸಿ ತಿರುಗಾ ಬಳಸಬಹುದು.

ಬೇಸಿಗೇಲಿ ಕಥೆ ಉಲ್ಟಾ. ಗಾಳಿ ಒಣಗಿದಾಗ ಮೈಮೇಲಿನ ಸ್ಟ್ಯಾಟಿಕ್ ಜಾಸ್ತಿ, ಮಣಿಕಟ್ಟಿನ ಪಟ್ಟಿ ಹಾಕ್ಕೊಂಡು ಅರ್ಥಿಂಗ್ ಮಾಡ್ಕೊಂಡೇ ಐಸಿ ಮುಟ್ಟಬೇಕು. ಕರೆಂಟ್ ಬಗ್ಗೆ ಹೆಚ್ಚು ಹೇಳೋದೇ ಬೇಡ, ಬರೆಯುತ್ತಿರೋವಾಗ ಹೋದ್ರೆ ಐಸಿಯಲ್ಲಿ ಅರ್ಧ ಹೊಸದು, ಇನ್ನರ್ಧ ಖಾಲಿ. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಲ್ಲಿ ಈ ಕೆಲಸ ಮಾಡಬಾರದು.

ಹಳೇ ಕಾರ್ಡ್‌ಗಳ ಬಗ್ಗೆನೂ ಒಂದು ಮಾತು. ಗಾಜಿನ ಕಿಟಕಿ ಇರೋ ಇಪಿರಾಮ್ (ಯುವಿ ಬೆಳಕಲ್ಲಿ ಅಳಿಸಿ ತಿರುಗಾ ಬರೆಯೋ ಹಳೇ ಮೆಮೊರಿ ಐಸಿ) ಅನ್ನ ಇಂಟೆಲ್‌ನ ಡೊವ್ ಫ್ರೋಮನ್ 1971ರಲ್ಲಿ ತಂದಿದ್ದು, ಅಂಥ ಐಸಿ ಇರೋ ಮಶೀನ್ ಕಾರ್ಡ್‌ಗಳು ಈಗಲೂ ರಿಪೇರಿಗೆ ಬರ್ತವೆ. ಆ ಕಿಟಕಿ ಮೇಲಿನ ಸ್ಟಿಕ್ಕರ್ ಸುಮ್ಮನೆ ಅಂಟಿಸಿದ್ದಲ್ಲ. ನೇರ ಬಿಸಿಲು ಬಿದ್ರೆ ಒಂದು ವಾರದಷ್ಟರಲ್ಲಿ, ಟ್ಯೂಬ್‌ಲೈಟ್ ಬೆಳಕಲ್ಲಿ ಮೂರು ವರ್ಷದಷ್ಟರಲ್ಲಿ ಡೇಟಾ ಅಳಿಸಿ ಹೋಗಬಹುದು. ನಮ್ಮ ತೇವಕ್ಕೆ ಆ ಸ್ಟಿಕ್ಕರ್ ಗೋಂದು ಬಿಟ್ಟು ಉದುರತ್ತೆ, ಉದುರಿದ್ದು ಕಂಡ್ರೆ ಮೊದಲು ಡೇಟಾ ಓದಿ ಇಟ್ಕೊಂಡು ಹೊಸ ಸ್ಟಿಕ್ಕರ್ ಹಚ್ಚಿ. ಅದನ್ನ ಅಳಿಸೋ ಯುವಿ ಲ್ಯಾಂಪನ್ನ ಮುಚ್ಚಳ ತೆಗೆದು ಬರಿಗಣ್ಣಲ್ಲಿ ಯಾವತ್ತೂ ನೋಡಬಾರದು, ಕಣ್ಣಿಗೆ ಪೆಟ್ಟು.

ಐಟಿಐ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಟ್ರೇಡ್ 2 ವರ್ಷದ್ದು, ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ. ಅಷ್ಟು ಓದಿ ಬಂದ ಹುಡುಗರು ಬುದ್ಧಿವಂತರೇ, ಮೈಕ್ರೋಕಂಟ್ರೋಲರ್ ಪಾಠ ಕೇಳಿರ್ತಾರೆ, ಆದ್ರೆ ಕೆಟ್ಟ ಬೋರ್ಡಿನ ಐಸಿ ಬಿಚ್ಚಿ ಓದಿ ಬರೆದು ತಿರುಗಾ ಕೂರಿಸೋದನ್ನ ಕೈಯಾರೆ ಮಾಡಿದೋರು ನನಗೆ ಸಿಕ್ಕಿದ್ದು ಅಪರೂಪ. ಹಾಗಾಗಿ ನನ್ನ ಮನವಿ ಇಷ್ಟು. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳವರು ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯೋ ಮುಂಚೆ, ರಿಪೇರಿ ಅಂಗಡಿಯವರಿಗೂ ವಿದ್ಯಾರ್ಥಿಗಳಿಗೂ ಸೇರಿಸಿ ಒಂದು ವಾರದ ತರಬೇತಿ ಇಡಲಿ, ಹೊಸ ಸ್ಮಾರ್ಟ್ ಟಿವಿಗಳ ಇಎಂಎಂಸಿ (ದೊಡ್ಡ ಮೆಮೊರಿ ಚಿಪ್) ಓದೋ ಥರದ ದೊಡ್ಡ ಪ್ರೋಗ್ರಾಮರ್ ಒಂದನ್ನ ಲ್ಯಾಬಲ್ಲಿ ತಂದಿಟ್ಟು ಸಣ್ಣ ಶುಲ್ಕ ತಗೊಂಡು ನಮ್ಮಂಥೋರಿಗೂ ಬಳಸಕ್ಕೆ ಬಿಡಲಿ, ಒಂಟಿ ಅಂಗಡಿಯವನಿಗೆ ಅದನ್ನ ಕೊಳ್ಳೋ ಶಕ್ತಿ ಇರಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಲ್ಲಿ ರೈಟ್ ಟು ರಿಪೇರ್ (ರಿಪೇರಿ ಮಾಡಿಸ್ಕೊಳ್ಳೋ ಹಕ್ಕು) ಪೋರ್ಟಲ್ ಶುರು ಮಾಡಿದೆ, ಒಳ್ಳೇದು, ಆದ್ರೆ ರಿಪೇರಿ ಮಾಡೋ ಕೈ ಊರಲ್ಲಿ ಇರಬೇಕಲ್ಲ. ಹೊಸನಗರದ ಒಳ ಊರಿಂದ ಟಿವಿ ಹೊತ್ಕೊಂಡು ಬಸ್ಸಲ್ಲಿ ಬರೋರಿಗೆ ಹೊಸ ಬೋರ್ಡಿನ ರೇಟ್ ಹೇಳಿ ವಾಪಸ್ ಕಳ್ಸೋದು ಬಹಳ ಕಷ್ಟ ಆಗತ್ತೆ.

ತರಬೇತಿ ನಡೆಸಕ್ಕೆ ಯಾರಾದ್ರೂ ಮುಂದೆ ಬಂದ್ರೆ ಅಭ್ಯಾಸಕ್ಕೆ ಬೇಕಾಗೋ ಕೆಟ್ಟ ಬೋರ್ಡ್‌ಗಳನ್ನ ನಾನು ಕೊಡ್ತೀನಿ, ಭಾನುವಾರ ಬಂದು ಹೇಳಿಕೊಡಕ್ಕೂ ತಯಾರಿದ್ದೀನಿ. ಸಂಬಂಧಪಟ್ಟೋರ ಕಣ್ಣಿಗೆ ಬೀಳೋ ಹಾಗೆ ಈ ಪತ್ರ ಪ್ರಕಟಿಸಬೇಕಾಗಿ ಕೇಳ್ಕೊಳ್ತೀನಿ.

ಇಂತಿ,
ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯವನು, ಶಿವಮೊಗ್ಗ