ಹೋದ ಊರಿನ ಸ್ಯಾಂಡ್‌ವಿಚ್

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮಕ್ಕಳಿಗೆ ಬೇಸಿಗೆ ರಜೆ ಶುರುವಾಗಿರುತ್ತದೆ. ಅಮೆರಿಕದಲ್ಲಿರುವ ನಮ್ಮ ಕನ್ನಡ ಸಂಘದ ಅನೇಕ ಕುಟುಂಬಗಳು ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಕಾರಿನಲ್ಲಿ ದೂರದ ಊರುಗಳಿಗೆ ಹೊರಡುತ್ತವೆ. ಬುತ್ತಿ ಖಂಡಿತ ಇರಲಿ. ಆದರೆ ಹೋದ ಊರಿನಲ್ಲಿ ಒಂದು ಹೊತ್ತಾದರೂ ಅಲ್ಲಿಯವರು ತಮ್ಮದೆಂದು ಹೇಳಿಕೊಳ್ಳುವ ಸ್ಯಾಂಡ್‌ವಿಚ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲಿ ಎಂಬುದು ನನ್ನ ಕೋರಿಕೆ. ಹೆದ್ದಾರಿಯ ಬದಿಯಲ್ಲಿ ಮೈಲಿಗೊಂದರಂತೆ ಸಿಗುವ, ಎಲ್ಲಿ ತಿಂದರೂ ಒಂದೇ ರುಚಿಯ ಹೋಟೆಲುಗಳನ್ನು ನೋಡಿ, ಅಮೆರಿಕಕ್ಕೆ ತನ್ನದೆಂಬ ಅಡುಗೆಯೇ ಇಲ್ಲ ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಅವರು ಹೆದ್ದಾರಿಯಿಂದ ಊರೊಳಗೆ ಇಳಿದು ನೋಡಬೇಕು.

ನ್ಯೂ ಆರ್ಲಿಯನ್ಸ್‌ನ ಪೋ ಬಾಯ್ ಎಂಬ ಸ್ಯಾಂಡ್‌ವಿಚ್‌ನ ಕತೆ ಕೇಳಿ. ಬೆನ್ನಿ ಮತ್ತು ಕ್ಲೋವಿಸ್ ಮಾರ್ಟಿನ್ ಎಂಬ ಅಣ್ಣತಮ್ಮಂದಿರು ಲೂಯಿಸಿಯಾನದ ಸಣ್ಣ ಊರಿನಿಂದ ಬಂದು ಮೊದಲು ಟ್ರಾಮ್ ಕಂಡಕ್ಟರುಗಳಾಗಿ ದುಡಿದವರು. ಆಮೇಲೆ ಫ್ರೆಂಚ್ ಮಾರ್ಕೆಟ್‌ನಲ್ಲಿ ಒಂದು ಹೋಟೆಲು ಇಟ್ಟರು. 1929ರ ಜುಲೈನಲ್ಲಿ ಟ್ರಾಮ್ ನೌಕರರು ಮುಷ್ಕರ ಹೂಡಿದರು. ಸಾವಿರಕ್ಕೂ ಹೆಚ್ಚು ಮಂದಿಯ ಸಂಬಳ ನಿಂತಿತು. ಕಂಪನಿ ಹೊರಗಿನ ಆಳುಗಳನ್ನು ಕರೆಸಿ ಟ್ರಾಮ್ ಓಡಿಸಲು ನೋಡಿತು, ಬೀದಿಯಲ್ಲಿ ಟ್ರಾಮಿಗೆ ಬೆಂಕಿ ಬಿತ್ತು. ಮಾರ್ಟಿನ್ ಸೋದರರು ತಮ್ಮ ಹಳೆಯ ಕಾರ್ಮಿಕ ಸಂಘಕ್ಕೆ ಪತ್ರ ಬರೆದು, ಸದಸ್ಯರಿಗೆ ನಮ್ಮಲ್ಲಿ ಊಟ ಉಚಿತ ಎಂದು ತಿಳಿಸಿದರು. ಮುಷ್ಕರದವರು ಒಬ್ಬೊಬ್ಬರಾಗಿ ಬಂದಾಗ ‘ಇಗೋ, ಇನ್ನೊಬ್ಬ ಪೂರ್ ಬಾಯ್ ಬಂದ’ ಎಂದು ಒಳಗಿನವರು ಕೂಗುತ್ತಿದ್ದರಂತೆ. ಹೆಸರು ಅದರಿಂದಲೇ ಬಂತು ಎಂಬುದು ಊರವರು ಹೇಳುವ ಮಾತು.

ನನಗೆ ಇದರಲ್ಲಿ ತುಂಬ ಹಿಡಿಸುವುದು ಬ್ರೆಡ್ಡಿನ ಸಂಗತಿ. ಆಗಿನ ಫ್ರೆಂಚ್ ಬ್ರೆಡ್ಡಿನ ಎರಡೂ ತುದಿ ಚೂಪಾಗಿರುತ್ತಿತ್ತು. ನಡುವಿನ ತುಂಡು ಸಿಕ್ಕವನಿಗೆ ಹೊಟ್ಟೆ ತುಂಬುತ್ತಿತ್ತು, ತುದಿ ಸಿಕ್ಕವನಿಗೆ ಇಲ್ಲ. ಹಸಿದು ಬಂದವರಿಗೆ ಬಡಿಸುವಾಗ ಇದು ಸಣ್ಣ ವಿಷಯವಲ್ಲ. ಬೇಕರಿಯ ಜಾನ್ ಗೆಂಡೂಸಾ ಅವರು ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲ ಬರುವಂತೆ ಸುಮಾರು 40 ಇಂಚು ಉದ್ದದ ಬ್ರೆಡ್ ಮಾಡಿಕೊಟ್ಟರು. ಅರ್ಧ ಕೊಯ್ಯಿರಿ, ಕಾಲು ಕೊಯ್ಯಿರಿ, ಎಲ್ಲರಿಗೂ ಸಮಪಾಲು. ಮೇಲೆ ತೆಳ್ಳಗೆ ಗರಿಗರಿ, ಒಳಗೆ ಹಗುರವಾದ ಅದೇ ಬಗೆಯ ಬ್ರೆಡ್ ಇಲ್ಲದಿದ್ದರೆ ಆ ಊರಿನವರು ಅದನ್ನು ಪೋ ಬಾಯ್ ಎಂದು ಇಂದಿಗೂ ಒಪ್ಪುವುದಿಲ್ಲ. ಅದೇ ಊರಿನ ಮಫ್ಫುಲೆಟ್ಟಾ ಎಂಬ ಸ್ಯಾಂಡ್‌ವಿಚ್ ಸಿಸಿಲಿಯಿಂದ ಬಂದ ಸಾಲ್ವಟೋರೆ ಲೂಪೋ ಅವರ ಸೆಂಟ್ರಲ್ ಗ್ರೋಸರಿಯದು. ಎಳ್ಳು ಮೆತ್ತಿದ ದುಂಡನೆಯ ಬ್ರೆಡ್, ಒಳಗೆ ಮಾಂಸ, ಚೀಸ್ ಜೊತೆ ಆಲಿವ್ ಉಪ್ಪಿನಕಾಯಿ.

ಫ್ಲಾರಿಡಾದ ಟ್ಯಾಂಪಾಗೆ ಹೋದವರು ಈಬೋರ್ ಸಿಟಿಯನ್ನು ತಪ್ಪದೆ ನೋಡಿ. ಚುಟ್ಟಾ ಕಾರ್ಖಾನೆಗಳಿದ್ದ ಕೇರಿ ಅದು. ಕ್ಯೂಬಾದವರು, ಸ್ಪೇನಿನವರು, ಸಿಸಿಲಿಯವರು ಅಕ್ಕಪಕ್ಕದಲ್ಲಿ ಬಾಳಿದ್ದರಿಂದ ಅಲ್ಲಿನ ಕ್ಯೂಬನ್ ಸ್ಯಾಂಡ್‌ವಿಚ್‌ಗೆ ಸಲಾಮಿ ಎಂಬ ಇಟಲಿಯ ಹದಮಾಡಿದ ಮಾಂಸವೂ ಸೇರಿಕೊಂಡಿತು. ಮಯಾಮಿಯವರು ಸಲಾಮಿ ಹಾಕುವುದಿಲ್ಲ, ಹಾಕಿದ್ದನ್ನು ಕ್ಯೂಬನ್ ಎನ್ನುವುದೂ ಇಲ್ಲ. ಟ್ಯಾಂಪಾದ ನಗರಸಭೆ 2012ರಲ್ಲಿ ಅದನ್ನು ಊರಿನ ಅಧಿಕೃತ ಸ್ಯಾಂಡ್‌ವಿಚ್ ಎಂದೇ ಘೋಷಿಸಿತು. ಅಲ್ಲಿ 1915ರಿಂದ ನಡೆದುಬಂದಿರುವ ಲಾ ಸೆಗುಂಡಾ ಬೇಕರಿಯಲ್ಲಿ ಪ್ರತಿ ಬ್ರೆಡ್ಡಿನ ಹಿಟ್ಟಿನ ಮೇಲೂ ಪಾಲ್ಮೆಟೊ ಎಂಬ ತಾಳೆಜಾತಿಯ ಗಿಡದ ಗರಿಯ ಒಂದು ಎಳೆ ಇಟ್ಟು ಬೇಯಿಸುತ್ತಾರೆ. ಬೇಯುವಾಗ ಬ್ರೆಡ್ ಆ ಗೆರೆಯುದ್ದಕ್ಕೂ ನೀಟಾಗಿ ಬಿರಿಯುತ್ತದೆ. ಚಾಕುವಿನಿಂದ ಗೀರಿದ್ದರೆ ಸಾಕಿತ್ತು, ಆದರೂ ಗರಿಯನ್ನು ಬಿಟ್ಟಿಲ್ಲ.

ದನದ ಮಾಂಸದ ತೆಳುಹೋಳುಗಳ ಜೊತೆ ಚೀಸ್ ಹಾಕಿದ ಫಿಲಡೆಲ್ಫಿಯಾದ ಚೀಸ್‌ಸ್ಟೇಕ್ ಎಲ್ಲರಿಗೂ ಗೊತ್ತಿರುವುದೇ. 1930ರಲ್ಲಿ ಹಾಟ್‌ಡಾಗ್ ಮಾರುತ್ತಿದ್ದ ಪ್ಯಾಟ್ ಒಲಿವಿಯೇರಿ ಶುರುಮಾಡಿದ್ದು, ಚೀಸ್ ಸೇರಿದ್ದು ಆಮೇಲೆ. 1966ರಲ್ಲಿ ಅವರ ಅಂಗಡಿಯ ಎದುರಿಗೇ ಜೀನೋಸ್ ಎಂಬ ಪೈಪೋಟಿಯ ಅಂಗಡಿ ಬಂತು. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಹೊರಟಿದ್ದ ಜಾನ್ ಕೆರಿ 2003ರಲ್ಲಿ ಪ್ಯಾಟ್ ಅಂಗಡಿಯಲ್ಲಿ, ಊರಿನವರು ಚೀಸ್‌ಸ್ಟೇಕ್‌ಗೆ ಹಾಕದ ಸ್ವಿಸ್ ಚೀಸ್ ಕೇಳಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಹೊರಗಿನವರಿಗೆ ಇದು ಕ್ಷುಲ್ಲಕ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಓಟು ಕೇಳಲು ಬಂದವರು ನಮ್ಮ ಊಟ ಏನೆಂದು ತಿಳಿದು ಬರಲಿ ಎಂದು ಒಂದು ಊರು ಬಯಸುವುದು ನ್ಯಾಯವಾಗಿಯೇ ಇದೆ.

ಇವೆಲ್ಲವನ್ನೂ ಕಟ್ಟಿದವರು ಬೇರೆಲ್ಲಿಂದಲೋ ಬಂದು ನೆಲೆಸಿದವರು, ಇಲ್ಲವೇ ಅವರ ಮಕ್ಕಳು. ಇದನ್ನು ಅರಿಯಲು ನಾವು ದೂರ ಹೋಗಬೇಕಿಲ್ಲ. ಪ್ಲೇಗಿನ ಕಾಲದಲ್ಲಿ ಉತ್ತರದ ಉನ್ನಾವ್ ಬಿಟ್ಟು ಬಂದ ಠಾಕೂರ್ ಮನೆತನದವರು ಮಾಡಿದ ಸಿಹಿಯೇ ಧಾರವಾಡ ಪೇಢೆ. ಅದು ಧಾರವಾಡದ್ದಲ್ಲ ಎಂದು ಧಾರವಾಡದಲ್ಲಿ ನಿಂತು ಹೇಳಲಾದೀತೇ? ಸೇಂಟ್ ಲೂಯಿಸ್‌ನ ಚೀನೀ ಹೋಟೆಲುಗಳು ತರಕಾರಿ ಬೆರೆಸಿದ ಮೊಟ್ಟೆಯ ದೋಸೆಯನ್ನು ಬಿಳಿ ಬ್ರೆಡ್ಡಿನ ನಡುವೆ ಇಟ್ಟು ಮಾರುವ ಸೇಂಟ್ ಪಾಲ್ ಸ್ಯಾಂಡ್‌ವಿಚ್ ಕೂಡ ಹೀಗೆಯೇ ಆ ಊರಿನದಾಯಿತು.

ನಮ್ಮಲ್ಲಿ ಸಸ್ಯಾಹಾರಿಗಳು ಹೆಚ್ಚು, ಮಾಂಸ ತಿನ್ನುವವರಲ್ಲೂ ದನದ ಮಾಂಸ ಮುಟ್ಟದವರು ಹಲವರು. ಅವರಿಗೂ ದಾರಿಯಿದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಕರಿದ ಆಲೂಗಡ್ಡೆಯ ಪೋ ಬಾಯ್ ಸಿಗುತ್ತದೆ. ಗ್ರೇವಿ ಬೇಡವೆಂದು ಮೊದಲೇ ಹೇಳಿ, ಅದು ಸಾಮಾನ್ಯವಾಗಿ ದನದ ಮಾಂಸದ್ದು. ಸಿಗಡಿ ತಿನ್ನುವವರಿಗಂತೂ ಅಲ್ಲಿ ಹಬ್ಬ. ಫಿಲಡೆಲ್ಫಿಯಾದಲ್ಲಿ ಹಂದಿಮಾಂಸದ ಜೊತೆ ಹಾಕುವ ಬ್ರಾಕೊಲಿ ರಾಬ್ ಎಂಬ ಕಹಿ ಸೊಪ್ಪನ್ನು ಪ್ರೊವೊಲೋನ್ ಚೀಸ್ ಜೊತೆಗಷ್ಟೇ ಕೇಳಿ ಹಾಕಿಸಿಕೊಳ್ಳಬಹುದು. ಜಾರ್ಜಿಯಾ ಕಡೆ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್ ಇದೆ: ತುರಿದ ಚೆಡ್ಡರ್ ಚೀಸ್, ಖಾರವಿಲ್ಲದ ಕೆಂಪು ಮೆಣಸಿನಕಾಯಿ, ಮೇಯನೇಸ್. ಮೇಯನೇಸಿನಲ್ಲಿ ಮೊಟ್ಟೆ ಇರುತ್ತದೆ, ಗಮನಿಸಿ. ಆಗಸ್ಟಾದ ಮಾಸ್ಟರ್ಸ್ ಗಾಲ್ಫ್ ಪಂದ್ಯದಲ್ಲಿ ಅದನ್ನು ವರ್ಷಗಳಿಂದ 1.50 ಡಾಲರಿಗೇ ಮಾರುತ್ತಾ ಬಂದಿದ್ದಾರೆ.

ಗಣೇಶ ಹಬ್ಬದ ಸಂಚಿಕೆಗಾಗಿ ನೀವು ಹೋದ ಊರಿನ, ಅಥವಾ ನೀವು ನೆಲೆಸಿರುವ ಊರಿನ ಒಂದು ಸ್ಯಾಂಡ್‌ವಿಚ್ ಬಗ್ಗೆ ಒಂದು ಪುಟ ಬರೆದು ಕಳುಹಿಸಿ. ಮಕ್ಕಳೂ ಬರೆಯಲಿ, ಕನ್ನಡದಲ್ಲಿ ಬರೆಯಲು ಕಷ್ಟವಾದರೆ ಅವರು ಹೇಳಲಿ, ಅಪ್ಪ ಅಮ್ಮ ಬರೆದುಕೊಳ್ಳಲಿ. ಅಂಗಡಿ ಇಟ್ಟವರು ಯಾವ ಊರಿನಿಂದ ಬಂದವರು, ಬ್ರೆಡ್ ಯಾವ ಬೇಕರಿಯದು ಎಂಬುದನ್ನು ಗಲ್ಲಾದಲ್ಲಿ ಇದ್ದವರನ್ನೇ ಕೇಳಿ ತಿಳಿದು ಬರೆಯಿರಿ. ಆಗಸ್ಟ್ ಮೊದಲ ವಾರದೊಳಗೆ ತಲುಪಿದ ಬರಹಗಳೆಲ್ಲಕ್ಕೂ ಜಾಗ ಮಾಡುತ್ತೇವೆ.