ಹಬ್ಬದ ಎಣ್ಣೆಸ್ನಾನಕ್ಕೆ ಮೊದಲು ಓದಿ

ಪೆರ್ಲ, ಬದಿಯಡ್ಕ, ಕುಂಬಳೆ ಕಡೆಯ ನಮ್ಮ ಗುಂಪಿನ ಸದಸ್ಯರಿಗೆಲ್ಲ ನಮಸ್ಕಾರ. ದೀಪಾವಳಿಗೆ ಹಂಡೆಗೆ ನೀರು ತುಂಬುವ ಹೊತ್ತು ಬಂತು. ತಲೆಗೆ ಸುಡುನೀರು ಹೊಯ್ಯುವಾಗ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಮಂಕಾಗಿ ನೋಡುತ್ತಾರೆ, ಏನೇನೋ ಮಾತಾಡುತ್ತಾರೆ, ಸೆಟೆದು ಬೀಳುವುದೂ ಉಂಟು. ದೃಷ್ಟಿಯಾಯಿತೆಂದು ನೂಲು ಕಟ್ಟಿಸಿ ಸುಮ್ಮನಾಗಬೇಡಿ. ಅದು ಬಿಸಿನೀರಿನ ಅಪಸ್ಮಾರ, ಅಂದರೆ ತಲೆಗೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆರೋಗ ಇರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗತಜ್ಞರಾಗಿದ್ದ ಡಾ. ಪಿ. ಸತೀಶ್ಚಂದ್ರ ವರ್ಷಗಟ್ಟಲೆ ಇದರ ಬೆನ್ನುಹತ್ತಿದವರು. 1988ರಲ್ಲಿ ಅವರು ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಮುಂದೆ ಇಲಿಗಳ ಮೇಲೆ ಪ್ರಯೋಗ, ಕುಟುಂಬಗಳಲ್ಲಿ ವಂಶವಾಹಿಯ ಹುಡುಕಾಟ. ಕೊನೆಗೆ ಆ ಸಂಸ್ಥೆಯ ನಿರ್ದೇಶಕರೂ ಆದರು. ನಮ್ಮ ಬಚ್ಚಲುಮನೆಯ ರೂಢಿಯನ್ನೇ ವಿಜ್ಞಾನದ ಪ್ರಶ್ನೆಯಾಗಿ ಕಂಡರಲ್ಲ, ನನಗೆ ಅದೇ ದೊಡ್ಡದು.

ಇದಕ್ಕೆ ಕಾರಣವಾಗುವ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಬಿಸಿ ಇರುತ್ತದೆ. ಉಗುರುಬೆಚ್ಚಗಿನ ನೀರಿಗೆ ಬದಲಾದರೆ ಎಷ್ಟೋ ಮಂದಿಗೆ ಅಷ್ಟೇ ಸಾಕು. ಉಳಿದ ಕೆಲವರಿಗೆ ದಿನವೂ ಔಷಧಿಯ ಬದಲು ತಲೆಸ್ನಾನದ ಮೊದಲಷ್ಟೇ ಕ್ಲೋಬಜಾಮ್ ಎಂಬ ಅಪಸ್ಮಾರದ ಔಷಧಿ ಕೊಡುವ ಕ್ರಮವಿದೆ. ಅದನ್ನು ವೈದ್ಯರೇ ನಿರ್ಧರಿಸಬೇಕು, ಮೆಡಿಕಲ್‌ನಿಂದ ತಾವಾಗಿ ತಂದು ಕೊಡಬೇಡಿ.

ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ನಡೆದದ್ದನ್ನು ಬರೆದಿಟ್ಟು ನರರೋಗತಜ್ಞರಿಗೆ ತೋರಿಸಿ. ಮಗುವಿನ ಹೆಸರು, ಫೋಟೊ ಮಾತ್ರ ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.