ಆ ಒಂದು ಸಾಲಿನ ಬಗ್ಗೆ

ಮಗಾ,

ನಿನ್ನ ಪತ್ರ ಮೂರು ಸಲ ಓದ್ದೆ. ನೀನು ಕೊಳ್ಳೋಕೆ ನೋಡಿರೋ ಬೋಟಿನ ಉದ್ದ, ಇಂಜಿನ್ ಯಾವ್ದು, ಐಸ್ ಪೆಟ್ಟಿಗೆ ಎಲ್ಲಿ ಕೂರುತ್ತೆ, ಬಲೆ ಎಳೆಯೋಕೆ ಜಾಗ ಎಷ್ಟಿದೆ ಅಂತ ಎಲ್ಲಾ ಚೆನ್ನಾಗೇ ಬರ್ದಿದ್ದೀಯ. ಮಧ್ಯದಲ್ಲಿ ಒಂದು ಸಾಲು, "ತಳದಲ್ಲಿ ಸ್ವಲ್ಪ ನೀರು ಬರುತ್ತೆ, ಆದ್ರೆ ಆಟೋಮ್ಯಾಟಿಕ್ ಪಂಪ್ ಇದೆ, ಇದೇನು ಹೆದರೋ ವಿಷ್ಯ ಅಲ್ವಲ್ಲ ದೊಡ್ಡಪ್ಪ?" ಅಂತ. ಅದಾದ್ಮೇಲೆ ಬೇರೆ ಏನೂ ತಲೆಗೆ ಹೋಗ್ಲಿಲ್ಲ ಕಣೋ. ನಿದ್ದೆ ಬರದೆ ಎದ್ದು ಕೂತು ಟೈಪ್ ಮಾಡ್ತಿದ್ದೀನಿ, ಹಿಂದೆ ಮುಂದೆ ಆದ್ರೆ ಬೇಜಾರು ಮಾಡ್ಕೋಬೇಡ.

ಸ್ವಲ್ಪ ಅಂದ್ರೆ ಎಷ್ಟು ಅಂತ ಕೇಳಿದ್ಯಾ? ಮಾರೋನು ಎಷ್ಟು ಅಂತ ಹೇಳಿದ್ದಾನಾ? ದಿನಕ್ಕೆ ಒಂದು ಮಗ್ಗಾ, ಗಂಟೆಗೆ ಒಂದು ಬಕೆಟ್ಟಾ? ಆ ಪಂಪು ದಿನಕ್ಕೆ ಎಷ್ಟು ಸಲ ತಾನಾಗೇ ಓಡುತ್ತೆ ಅಂತ ಅವನಿಗೇ ಗೊತ್ತಿರಲ್ಲ, ಅದೇ ನೋಡು ಆಟೋಮ್ಯಾಟಿಕ್ಕಿನ ತೊಂದ್ರೆ, ನೀರು ಜಾಸ್ತಿ ಆಗಿದ್ದು ಯಾರ ಕಣ್ಣಿಗೂ ಬೀಳಲ್ಲ.

ನನ್ನ ಮೊದಲನೇ ದೋಣಿ ಮರದ್ದು, ನಿಂಗೊತ್ತು. ಮರದ ದೋಣಿ ದಡದ ಮೇಲೆ ಒಣಗಿದ್ರೆ ಹಲಗೆ ಕುಗ್ಗಿ ಸಂದು ಬಿಡುತ್ತೆ, ನೀರಿಗೆ ಇಳಿಸಿದ ಮೊದಲೆರಡು ದಿನ ಒಳಗೆ ಬಂದೇ ಬರುತ್ತೆ, ಆಮೇಲೆ ಮರ ಉಬ್ಬಿ ಸಂದು ತಾನೇ ಮುಚ್ಕೊಳುತ್ತೆ. ಹಾಗಾಗಿ ನಾನು ನೀರು ನೋಡಿ ಹೆದರೋದು ಕಲೀಲೇ ಇಲ್ಲ. ಬೆಳಿಗ್ಗೆ ಹೋಗ್ತಿದ್ದೆ, ಎಣ್ಣೆ ಡಬ್ಬ ಕತ್ತರಿಸಿ ಮಾಡ್ಕೊಂಡಿದ್ದ ಮೊಗೆಯಲ್ಲಿ ಮೂರು ಸಲ ತೋಡ್ತಿದ್ದೆ, ಹೊರಡ್ತಿದ್ದೆ. ಮೂರು ಯಾವಾಗ ಹತ್ತಾಯ್ತೋ ಹದಿನೈದಾಯ್ತೋ, ಎಣಿಸೋದು ಬಿಟ್ಟುಬಿಟ್ಟಿದ್ದೆ. ಅಭ್ಯಾಸ ಆಗ್ಬಿಟ್ರೆ ಹಂಗೇ.

ಆದ್ರೆ ನೀನು ನೋಡಿರೋದು ಫೈಬರ್. ಫೈಬರ್ ಉಬ್ಬಿ ಮುಚ್ಕೊಳಲ್ಲ ಮಗಾ. ಅದಕ್ಕೆ ನೀರು ಬರ್ತಿದೆ ಅಂದ್ರೆ ಎಲ್ಲೋ ಒಂದು ದಾರಿ ಇದೆ, ಆ ದಾರಿ ದೊಡ್ಡದಾಗುತ್ತೇ ಹೊರತು ಚಿಕ್ಕದಾಗಲ್ಲ. ಇನ್ನೊಂದು, ಹಳೇ ಬೋಟಿಗೆ ಹೊಸಾ ಫೋರ್ ಸ್ಟ್ರೋಕ್ ಇಂಜಿನ್ ಹಾಕಿದ್ದಾರೆ ಅಂತ ಬರ್ದಿದ್ದೀಯ. ಅದು ಸಾಮಾನ್ಯವಾಗಿ ಹಳೇ ಟೂ ಸ್ಟ್ರೋಕ್‌ಗಿಂತ ಭಾರ, ಹಿಂಬದಿ ಕೆಳಗೆ ಕೂತು, ಡೆಕ್ಕಿನ ನೀರು ಹೊರಗೆ ಹೋಗೋಕೆ ಬಿಟ್ಟಿರೋ ತೂತೇ ನೀರೊಳಗೆ ಮುಳುಗುತ್ತೆ, ಆಮೇಲೆ ಅದೇ ತೂತಲ್ಲಿ ಉಲ್ಟಾ ಒಳಗೆ ಬರುತ್ತೆ. ಇಬ್ಬರು ಹಿಂದೆ ಹೋಗಿ ನಿಂತ್ಕೊಳ್ಳಿ, ಇನ್ನೊಬ್ಬ ಹೊರಗಿಂದ ಆ ತೂತು ಎಲ್ಲಿದೆ ಅಂತ ನೋಡ್ಲಿ. ಅಷ್ಟೇ ಆಗಿದ್ರೆ ನನ್ನ ಜೀವಕ್ಕೆ ಸ್ವಲ್ಪ ಸಮಾಧಾನ. ಇಂಜಿನ್ ಕೂರಿಸಿರೋ ಹಲಗೆಯ ಬೋಲ್ಟಿನ ಸುತ್ತ ಬಿರುಕಿದ್ರೆ ಸಮಾಧಾನ ಇಲ್ಲ, ಯಾಕಂದ್ರೆ ಹಳೇ ಬೋಟುಗಳಲ್ಲಿ ಆ ಫೈಬರ್ ಒಳಗೆ ಹೆಚ್ಚಾಗಿ ಪ್ಲೈವುಡ್ಡೇ ಇರೋದು, ಅದು ನೀರು ಕುಡಿದು ಕೊಳೆತಿರುತ್ತೆ, ಮೇಲಿಂದ ಪೇಂಟ್ ಪಳಪಳ ಅಂತಿರುತ್ತೆ. ಇಂಜಿನ್ನಿನ ಕೆಳಗಿನ ಕಾಲು ಹಿಡ್ಕೊಂಡು ಜಗ್ಗಿ ನೋಡು, ಹಲಗೆ ಜೊತೆಗೇ ಅಲ್ಲಾಡಿದ್ರೆ ಬೇಡ. ಸುತ್ತಿಗೆ ಹಿಡಿಯಿಂದ ತಟ್ಟು, ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತೆ, ಕೊಳೆತಿದ್ದ ಕಡೆ ಒದ್ದೆ ಮೂಟೆ ತಟ್ಟಿದ ಹಾಗೆ. ನಾನೇನು ಬೋಟ್ ಕಟ್ಟೋನಲ್ಲ, ಗೊತ್ತಿರೋರನ್ನ ಒಬ್ರನ್ನ ಕರ್ಕೊಂಡು ಹೋಗು.

ಮತ್ತೆ ನೀರಿಗೇ ಬರ್ತೀನಿ. ನೀನು ಲೆಕ್ಕದಲ್ಲಿ ಹುಷಾರು, ಇದನ್ನ ಹಾಕಿ ನೋಡು. 5 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತಳದಲ್ಲಿ ಬರೀ 10 ಸೆಂಟಿಮೀಟರ್ ನೀರು ನಿಂತ್ರೆ 750 ಲೀಟರ್, ಅಂದ್ರೆ 750 ಕೆಜಿ. ಹತ್ತು ಜನ ಹತ್ತಿದ ಹಾಗೆ. ಅದರಲ್ಲೂ ಜನ ಆದ್ರೆ ಕೂತಲ್ಲೇ ಕೂತಿರ್ತಾರೆ, ನೀರು ಕೂರಲ್ಲ, ಬೋಟು ಯಾವ ಕಡೆ ವಾಲುತ್ತೋ ಎಲ್ಲಾ ಅದೇ ಕಡೆಗೆ ಓಡಿ ಇನ್ನಷ್ಟು ವಾಲಿಸುತ್ತೆ.

ಆ ದಿನ ಏನಾಯ್ತು ಅನ್ನೋದು ಮನೇಲೆಲ್ಲ ಗೊತ್ತು, ಬರೆಯಲ್ಲ. ಗೊತ್ತಿಲ್ಲದ್ದು ಒಂದಿದೆ. ದೊಡ್ಡ ಅಲೆ ಬಡೀತು ಅಂತ ನಾನು ಎಲ್ಲರಿಗೂ ಹೇಳಿದ್ದೆ. ಅಲೆ ದೊಡ್ಡದಿರಲಿಲ್ಲ. ದಿನಾ ಬರೋ ಅಲೆ. ಬೆಳಿಗ್ಗೆ ನಿಮ್ಮಪ್ಪ ಕಾಲ ಕೆಳಗಿನ ಹಲಗೆ ಎತ್ತಿ, "ಅಣ್ಣಾ, ಇವತ್ತು ಜಾಸ್ತಿ ಇದೆ" ಅಂದ. ನಾನು "ದಿನಾ ಇರೋದೇ, ಸುಮ್ನೆ ಹತ್ತು" ಅಂದೆ. ವಾಪಸ್ ಬರ್ತಾ ಮೀನಿನ ಭಾರ ಬೇರೆ, ದೋಣಿ ಒಂದು ಕಡೆ ವಾಲಿದ್ದು ಎದ್ದೇಳೋಕೆ ತಡ ಮಾಡ್ತು, ಆ ತಡ ನನ್ನ ಸೊಂಟಕ್ಕೆ ಗೊತ್ತಾಯ್ತು, ಆದ್ರೂ ತಿರುಗಿಸ್ದೆ. ಹಲಗೆ ಕೆಳಗೆ ನೀರು ಓಡಿದ ಸದ್ದು, ಗಡಿಗೆ ಉರುಳಿದ ಹಾಗೆ, ಈಗ್ಲೂ ಕೇಳುತ್ತೆ. ಅವನು ಆಮೇಲೆ ಯಾವತ್ತೂ ದೋಣಿ ಹತ್ತಲಿಲ್ಲ, ನನ್ನ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಪಂಪಿದೆ ಅಂತೀಯ. ಪಂಪಿನ ಮೇಲೆ ಬರೆದಿರೋ ಅಷ್ಟು ನೀರು ಅದು ಎತ್ತಲ್ಲ, ಪೈಪು ಮೇಲಕ್ಕೆ ಹೋದಷ್ಟೂ ಕಮ್ಮಿ ಆಗುತ್ತೆ. ಮೀನಿನ ಪೊರೆ, ಬಲೆಯ ದಾರದ ತುಂಡು ಒಂದು ಸಿಕ್ಕಿಕೊಂಡ್ರೆ, ನೀರಿನ ಜೊತೆ ತೇಲಿ ಎದ್ದು ಪಂಪ್ ಶುರು ಮಾಡೋ ಸ್ವಿಚ್ಚೇ ಏಳಲ್ಲ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದಿಂಚಿನ ತೂತಾದ್ರೆ ನಿಮಿಷಕ್ಕೆ 40 ಲೀಟರಿನ ಮೇಲೇ ಬರುತ್ತೆ. ನೀರು ಬ್ಯಾಟರಿ ತನಕ ಏರಿದ್ರಂತೂ ಮುಗೀತು. ಹೆದರಿಸ್ತಿದ್ದೀನಿ ಅನ್ಕೋಬೇಡ. ಹೌದು, ಹೆದರಿಸ್ತಿದ್ದೀನಿ.

ಚಪ್ಪಟೆ ತಳಾನಾ, ಚೂಪು ತಳಾನಾ ಅಂತಾನೂ ನೀನು ಕೇಳಿದ್ದೆ, ನಾನು ಮರೆತೇಬಿಟ್ಟಿದ್ದೆ. ತೆಪ್ಪಗಿರೋ ನೀರಾದ್ರೆ ಚಪ್ಪಟೆ ಅಲ್ಲಾಡದೆ ಕೂರುತ್ತೆ, ಅಲೆಯಲ್ಲಿ ಮಾತ್ರ ಬೆನ್ನು ಮುರಿಯೋ ಹಾಗೆ ಕುಟ್ಟುತ್ತೆ. ಚೂಪು ಅಲೆ ಸೀಳುತ್ತೆ, ನಿಂತಾಗ ತೂಗಾಡುತ್ತೆ. ನೀನು ಹೋಗೋ ನೀರು ನೋಡಿ ತಗೋ, ನನಗಿಂತ ನಿಂಗೇ ಚೆನ್ನಾಗಿ ಗೊತ್ತು. ಅಂಚು ಮಾತ್ರ ನೀರಿಂದ ಎತ್ತರ ಇರಲಿ, ಮೀನು ಬಲೆ ಐಸು ಎಲ್ಲಾ ತುಂಬಿದ್ಮೇಲೆ ಎಷ್ಟು ಎತ್ತರ ಉಳಿಯುತ್ತೆ ಅಂತ ನೋಡು, ಖಾಲಿ ಬೋಟ್ ನೋಡಿ ಮರುಳಾಗಬೇಡ.

ದುಡ್ಡು ಕೊಡೋ ಮೊದ್ಲು ನನಗೋಸ್ಕರ ಇದೊಂದು ಮಾಡು. ಸಂಜೆ ಬೋಟಿನ ತಳ ಬಟ್ಟೇಲಿ ಒರೆಸಿ ಒಣಗಿಸು, ಪಂಪಿನ ವೈರ್ ಕಿತ್ತಿಡು, ರಾತ್ರಿಯೆಲ್ಲ ನೀರಲ್ಲೇ ಕಟ್ಟಿರ್ಲಿ, ದಡದಿಂದ ಆಗಾಗ ಕಣ್ಣಿಟ್ಟಿರು. ಮಾರೋನು ಬೇಡ ಅಂದ್ರೆ ಅಲ್ಲಿಂದ ಎದ್ದು ಬಾ. ಬೆಳಿಗ್ಗೆ ಒಂದು ಒಣ ಕಡ್ಡಿ ತಳಕ್ಕೆ ಇಳಿಸಿ, ಎಷ್ಟು ಬೆರಳು ಒದ್ದೆ ಆಯ್ತು ಅಂತ ಫೋನ್ ಮಾಡಿ ಹೇಳು, ಎಷ್ಟು ಹೊತ್ತಾದ್ರೂ ಸರಿ, ಎತ್ತುತ್ತೀನಿ.

ಈ ಪತ್ರ ನಿಮ್ಮಪ್ಪನಿಗೆ ತೋರಿಸ್ಬೇಕೋ ಬೇಡ್ವೋ ನಂಗೆ ಗೊತ್ತಾಗ್ತಿಲ್ಲ. ನೀನೇ ನೋಡು.

ನಿನ್ನ ದೊಡ್ಡಪ್ಪ